ಹ್ಯಾಲಿಫ್ಯಾಕ್ಸ್‌ನ ಮೌಂಟ್‌ಗೆ ದುಡ್ಡು ಕಟ್ಟುವ ಮುಂಚೆ

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ಮೌಂಟ್ ಸೇಂಟ್ ವಿನ್ಸೆಂಟ್ ಯೂನಿವರ್ಸಿಟಿ ಬರೀ ಹೆಣ್ಣುಮಕ್ಕಳದ್ದಾ, ಕಾನ್ವೆಂಟ್ ಕಟ್ಟುಪಾಡು ಇರುತ್ತಾ, ಅಲ್ಲಿ ಎಂ.ಎಡ್. ಮುಗಿಸಿದರೆ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸೇರಬಹುದಾ ಅಂತ ಕೇಳಿದ್ದೀರಿ. ಮೂರಕ್ಕೂ ಉತ್ತರ ‘ಇಲ್ಲ’ ಅಂತಲೇ. ಮೂರನೆಯದು ಮಾತ್ರ ನಿಮ್ಮ ಜೇಬಿಗೆ ಸಂಬಂಧಪಟ್ಟದ್ದು.

ಇದನ್ನು ಕಟ್ಟಿದವರು ಸಿಸ್ಟರ್ಸ್ ಆಫ್ ಚಾರಿಟಿ ಅನ್ನುವ ಕ್ಯಾಥೊಲಿಕ್ ಸನ್ಯಾಸಿನಿಯರು. 1873ರಲ್ಲಿ, ಬೆಡ್‌ಫರ್ಡ್ ಬೇಸಿನ್ ಕೊಲ್ಲಿ ಕಾಣುವ ಗುಡ್ಡದ ಮೇಲೆ, ತಮ್ಮ ಮಠಕ್ಕೆ ಸೇರಿದ ಹುಡುಗಿಯರನ್ನೇ ಟೀಚರ್‌ಗಳಾಗಿ ತಯಾರು ಮಾಡಲು ಶುರು ಮಾಡಿದ ಅಕಾಡೆಮಿ. 1925ರಲ್ಲಿ ಸ್ವಂತ ಡಿಗ್ರಿ ಕೊಡುವ ಹಕ್ಕು ಬಂತು. 1951ರ ಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟುಹೋಯಿತು. 1966ರಲ್ಲಿ ಯೂನಿವರ್ಸಿಟಿ ಆಯಿತು, ಮರುವರ್ಷ ಗಂಡುಮಕ್ಕಳನ್ನೂ ಸೇರಿಸಿಕೊಂಡರು, 1988ರಲ್ಲಿ ಸಿಸ್ಟರ್‌ಗಳು ಒಡೆತನವನ್ನು ಬೋರ್ಡ್‌ಗೆ ಬಿಟ್ಟುಕೊಟ್ಟರು. ಮಂಗಳೂರಿನ ಸೇಂಟ್ ಆಗ್ನೆಸ್‌ನಂಥ ಸಿಸ್ಟರ್‌ಗಳ ಕಾಲೇಜನ್ನು ಮನಸ್ಸಲ್ಲಿಟ್ಟುಕೊಂಡು ಬಂದರೆ ಕಟ್ಟಡಗಳ ಹೆಸರು ಬಿಟ್ಟು ಬೇರೇನೂ ಹೊಂದುವುದಿಲ್ಲ.

ಈಗ ಅಸಲು ವಿಷಯ. ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಾ ಪ್ರಾಂತ್ಯದಲ್ಲಿ ಟೀಚರ್ ಸರ್ಟಿಫಿಕೇಟ್ ಕೊಡುವುದು ಯೂನಿವರ್ಸಿಟಿಯಲ್ಲ, ಪ್ರಾಂತ್ಯದ ಶಿಕ್ಷಣ ಇಲಾಖೆ. ಅದಕ್ಕೆ ದಾರಿ ಬಿ.ಎಡ್.; ಎಂ.ಎಡ್. ಒಂದನ್ನೇ ನೋಡಿ ಸರ್ಟಿಫಿಕೇಟ್ ಕೊಡುವುದಿಲ್ಲ. ಏಜೆಂಟರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ಊರಲ್ಲಿ ಬಿ.ಎಡ್. ಆಗಿದ್ದರೆ ಅಡ್ಮಿಷನ್‌ಗಿಂತ ಮೊದಲು ಇಲಾಖೆಯ ಸರ್ಟಿಫಿಕೇಷನ್ ಕಚೇರಿಗೇ ದಾಖಲೆ ಕಳಿಸಿ. ಏನು ಕೊರತೆ ಇದೆ ಅಂತ ಅವರು ಹೇಳಿದ ಮೇಲೆ ಕೋರ್ಸ್ ಆರಿಸಿ.

ಹೈಸ್ಕೂಲಿಗೆ ಕಲಿಸಲು ಬಿ.ಎಡ್.ಗೆ ಸೇರಬೇಕಾದರೆ, ಡಿಗ್ರಿಯಲ್ಲಿ ಮೊದಲ ವಿಷಯಕ್ಕೆ 30 ಕ್ರೆಡಿಟ್ ಅವರ್, ಎರಡನೆಯದಕ್ಕೆ 18 ಕೇಳುತ್ತಾರೆ. ಒಂದು ಸೆಮಿಸ್ಟರ್ ಕೋರ್ಸ್ ಅಂದರೆ 3. ಹಾಗಾಗಿ ಹತ್ತು ಮತ್ತು ಆರು ಕೋರ್ಸ್. ನಮ್ಮ ಹಳೆಯ ಪಿಸಿಎಂ ಬಿ.ಎಸ್ಸಿ. ಇದಕ್ಕೆ ಚೆನ್ನಾಗಿ ಕೂರುತ್ತದೆ. ಬಿ.ಇ. ಮಾಡಿದವರಿಗೇ ಕಷ್ಟ: ಮ್ಯಾಥ್ಸ್ ನಾಲ್ಕು ಸೆಮಿಸ್ಟರಿಗೆ ನಿಂತುಹೋಗಿರುತ್ತದೆ, ಮೆಷಿನ್ ಡಿಸೈನ್ ಶಾಲೆಯ ವಿಷಯವಲ್ಲ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಮಾರ್ಕ್ಸ್ ಕಾರ್ಡಿನಲ್ಲಿ. ‘ಪೇಪರ್ 3’ ಅಂತಷ್ಟೇ ಅಚ್ಚಾಗಿದ್ದರೆ ಅದು ಆಲ್ಜೀಬ್ರಾನೋ ಆಪ್ಟಿಕ್ಸೋ ಇಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಊರಲ್ಲಿ ನೀವು ಓದಿದ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಿಂದ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್, ಜೊತೆಗೆ ಆ ವರ್ಷಗಳ ಸಿಲಬಸ್ಸಿಗೆ ಮುದ್ರೆ ಹಾಕಿಸಿ ತನ್ನಿ. ಹೊರಡುವ ಮುಂಚೆ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ಕೂಡ ಮಾಡಿಸಿ. ಮಕ್ಕಳ ಜೊತೆ ಕೆಲಸ ಅಂದರೆ ಹಿನ್ನೆಲೆ ತಪಾಸಣೆ ತಪ್ಪಿದ್ದಲ್ಲ, ಇಲ್ಲಿಂದ ತರಿಸುವುದು ನಿಧಾನ.

ಕೆನಡಾದಲ್ಲಿ ಓದಲು ಕೊಡುವ ಸ್ಟಡಿ ಪರ್ಮಿಟ್ ಕೈಗೆ ಬಂದಾಗ ಅದರ ಕೆಳಗೆ ಅಚ್ಚಾದ ಷರತ್ತುಗಳನ್ನು ಅಲ್ಲೇ ನಿಂತು ಓದಿ. ಚೈಲ್ಡ್‌ಕೇರ್, ಶಾಲೆಯ ಕೆಲಸಕ್ಕೆ ಅನುಮತಿ ಇಲ್ಲ ಅನ್ನುವ ಸಾಲು ಇದ್ದರೆ ತರಬೇತಿಗೆ ಶಾಲೆಗೆ ಹೋಗುವಾಗ ತೊಂದರೆ. ಇಮಿಗ್ರೇಷನ್‌ನ ಮೆಡಿಕಲ್ ಪರೀಕ್ಷೆ ಪಾಸಾಗಿದ್ದರೆ ಆ ಸಾಲನ್ನು ತೆಗೆಸಬಹುದು. ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲೇ ಕೇಳುವುದು ಸುಲಭ.

ಬಸ್ ಪಾಸ್ ಫೀಸಿನಲ್ಲೇ ಸೇರಿರುತ್ತದೆ. ಸರ್ಕಾರಿ ಆರೋಗ್ಯ ವಿಮೆ ಎಂಎಸ್ಐ ವಿದ್ಯಾರ್ಥಿಗಳಿಗೆ ಸಿಗುವುದು 13ನೇ ತಿಂಗಳಿಂದ, ಅಲ್ಲಿಯವರೆಗೆ ಯೂನಿವರ್ಸಿಟಿಯ ವಿಮೆ. ಅಷ್ಟರೊಳಗೆ ಒಂದೇ ಸಲ 31 ದಿನಕ್ಕಿಂತ ಹೆಚ್ಚು ಪ್ರಾಂತ್ಯ ಬಿಟ್ಟಿದ್ದರೆ ಅರ್ಹತೆಗೆ ಕುತ್ತು. ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಟಿಕೆಟ್ ಬುಕ್ ಮಾಡುವಾಗಲೇ ದಿನ ಎಣಿಸಿ.