ಪಟ್ಟಿ ಓಡುತ್ತದೆ, ಬಡ್ಡಿ ಎರಡು ಸಲ ಬೀಳುತ್ತದೆ

ಪ್ರಶ್ನೆ: ಶಿರಸಿ ಸಮೀಪದ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ಸಿ ಶಾರ್ಪ್ ಭಾಷೆ ಮತ್ತು ವಿಂಡೋಸ್ ಪರದೆಗಳನ್ನು ಕಟ್ಟುವ ವಿನ್‌ಫಾರ್ಮ್ಸ್ ಬಳಸಿ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಮಾರ್ಚ್ ಕೊನೆಗೆ ಎಲ್ಲ ಸದಸ್ಯರ ಖಾತೆ ಓದಿ, ಬಡ್ಡಿ ಹಾಕಿ, ಒಬ್ಬೊಬ್ಬರ ಲೆಕ್ಕವನ್ನೂ ಪಿಡಿಎಫ್ ಮಾಡಬೇಕು. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ (ಪ್ರೋಗ್ರೆಸ್ ಬಾರ್) ಹಾಕಿದ್ದರೂ ಕೆಲಸ ಶುರುವಾದ ಕೂಡಲೇ ವಿಂಡೋ ಬಿಳುಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತಿತ್ತು. ಲೂಪಿನೊಳಗೆ ಡೂಈವೆಂಟ್ಸ್ ಎಂಬ ಆಜ್ಞೆ ಸೇರಿಸಿದೆ, ಪಟ್ಟಿ ಓಡತೊಡಗಿತು. ಆದರೆ ಈ ಬಾರಿ ಕೆಲವು ಸದಸ್ಯರಿಗೆ ಎರಡು ಸಲ ಬಡ್ಡಿ ಬಿದ್ದಿದೆ. ಅಲ್ಲದೆ ಪಟ್ಟಿ ಮೊದಲು ಹಾರಿ, ಆಮೇಲೆ ತೆವಳಿ, 99ರಲ್ಲಿ ನಿಂತೇಬಿಡುತ್ತದೆ. ಏನು ಮಾಡಲಿ?

ಉತ್ತರ: ಪಟ್ಟಿಯ ಅಂದಚಂದ ಆಮೇಲೆ ನೋಡೋಣ, ಮೊದಲು ಬಡ್ಡಿಯ ವಿಷಯ. ವಿಂಡೋಸ್‌ನಲ್ಲಿ ಪರದೆಗೆ ಬಣ್ಣ ಹಚ್ಚುವುದು, ಮೌಸ್ ಒತ್ತಿದ್ದನ್ನು ಗಮನಿಸುವುದು ಎಲ್ಲವೂ ಆ ವಿಂಡೋವನ್ನು ಸೃಷ್ಟಿಸಿದ ಥ್ರೆಡ್‌ನ (ಪ್ರೋಗ್ರಾಂನೊಳಗೆ ಒಂದರ ನಂತರ ಒಂದು ಕೆಲಸ ನಡೆಸುವ ಎಳೆಯ) ಕೆಲಸ. ನಿಮ್ಮ ಬಡ್ಡಿ ಲೆಕ್ಕವನ್ನೂ ಅದರ ತಲೆಗೇ ಕಟ್ಟಿದ್ದೀರಿ. ಐದು ಸೆಕೆಂಡು ಅದು ಮೌಸ್, ಪರದೆ ಮೊದಲಾದವುಗಳ ಬಗ್ಗೆ ವಿಂಡೋಸ್ ಕಳಿಸುವ ಸಂದೇಶಗಳತ್ತ ತಿರುಗಿ ನೋಡದಿದ್ದರೆ ವಿಂಡೋಸ್ ಆ ಪ್ರೋಗ್ರಾಂ ಸ್ತಬ್ಧವಾಗಿದೆ ಎಂದು ತೀರ್ಮಾನಿಸುತ್ತದೆ. ಡೂಈವೆಂಟ್ಸ್ ಮಾಡುವುದು ಇಷ್ಟೇ: ಲೆಕ್ಕದ ನಡುವೆ ನಿಂತು, ಕಾದಿರುವ ಸಂದೇಶಗಳನ್ನೆಲ್ಲ ನಡೆಸಿಕೊಡುತ್ತದೆ. ಕಾದು ಬೇಸತ್ತ ಗುಮಾಸ್ತರು ಬಟನ್ ಮತ್ತೊಮ್ಮೆ ಒತ್ತಿದ್ದರೆ ಆ ಒತ್ತೂ ಅದರಲ್ಲಿ ಸೇರಿದೆ. ಹಾಗಾಗಿ ಮೊದಲ ಲೆಕ್ಕದ ಹೊಟ್ಟೆಯೊಳಗೇ ಎರಡನೆಯದು ಶುರುವಾಗಿದೆ. ಗುಮಾಸ್ತರನ್ನು ಬೈಯಬೇಡಿ, ಒತ್ತಲು ಬಿಟ್ಟದ್ದು ನಿಮ್ಮ ಪ್ರೋಗ್ರಾಂ.

ಡೂಈವೆಂಟ್ಸ್‌ನ ಆ ಸಾಲನ್ನು ಅಳಿಸಿ. ಲೆಕ್ಕವನ್ನು ಬೇರೆ ಥ್ರೆಡ್‌ಗೆ ಕೊಡಿ. 2005ರ ಡಾಟ್‌ನೆಟ್ 2.0ರಿಂದಲೂ ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ ನಡೆಸುವ ಬ್ಯಾಕ್‌ಗ್ರೌಂಡ್‌ವರ್ಕರ್ ಎಂಬ ಕ್ಲಾಸ್ ಇದೆ: ಡೂವರ್ಕ್ ಒಳಗೆ ಲೆಕ್ಕ, ಪ್ರೋಗ್ರೆಸ್‌ಚೇಂಜ್ಡ್ ಒಳಗೆ ಪಟ್ಟಿ. ಹೊಸದಾಗಿ ಬರೆಯುವವರಿಗೆ ಟಾಸ್ಕ್ ಮತ್ತು ಪ್ರೋಗ್ರೆಸ್ ಎಂಬ ಕ್ಲಾಸಿನ ಜೋಡಿಯೇ ಸರಿ; ಆ ಪ್ರೋಗ್ರೆಸ್ ಆಬ್ಜೆಕ್ಟನ್ನು ಮಾತ್ರ ಪರದೆಯ ಥ್ರೆಡ್‌ನಲ್ಲೇ ಸೃಷ್ಟಿಸಬೇಕು. ಲೆಕ್ಕದ ಥ್ರೆಡ್‌ನಿಂದ ಪಟ್ಟಿಯನ್ನು ನೇರವಾಗಿ ಮುಟ್ಟಬೇಡಿ. ಪ್ರತಿ ನಮೂದಿಗೂ ವರದಿ ಕಳಿಸಬೇಡಿ, ಶೇಕಡಾ ಅಂಕಿ ಬದಲಾದಾಗ ಕಳಿಸಿದರೆ ಸಾಕು. ಇಲ್ಲವಾದರೆ ವರದಿಗಳ ರಾಶಿಯಲ್ಲೇ ಪರದೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಕೆಲಸ ಶುರುವಾದೊಡನೆ ಬಟನ್ ನಿಷ್ಕ್ರಿಯವಾಗಲಿ.

ಇಷ್ಟಾದರೂ ಬಡ್ಡಿ ಎರಡು ಸಲ ಬೀಳುವುದನ್ನು ತಡೆಯುವ ಹೊಣೆ ಪರದೆಯದಲ್ಲ, ಡೇಟಾಬೇಸಿನದು. ಒಬ್ಬ ಸದಸ್ಯರ ಬಡ್ಡಿಯ ನಮೂದು ಮತ್ತು ‘ಈ ವರ್ಷದ್ದು ಆಯಿತು’ ಎಂಬ ಗುರುತು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ ಎಂಬ ಕಟ್ಟಿನಲ್ಲಿ) ದಾಖಲಾಗಬೇಕು. ಆಗ ಗುಮಾಸ್ತರು ನಡುವೆ ನಿಲ್ಲಿಸಲಿ, ಕರೆಂಟೇ ಹೋಗಲಿ (ನಿಮ್ಮ ಕಡೆ ಅದಕ್ಕೆ ಮಳೆಗಾಲವೇ ಬೇಕೆಂದೇನಿಲ್ಲ), ಮತ್ತೆ ಓಡಿಸಿದಾಗ ಉಳಿದವರಿಗಷ್ಟೇ ಬಡ್ಡಿ ಬೀಳುತ್ತದೆ. ‘ನಿಲ್ಲಿಸು’ ಎಂಬ ಬಟನ್ ಕೊಡುವ ಧೈರ್ಯವೂ ಆಗ ಬರುತ್ತದೆ. ನಿಲುಗಡೆ ಇಬ್ಬರು ಸದಸ್ಯರ ನಡುವೆಯೇ ಆಗಲಿ, ಒಬ್ಬರ ಲೆಕ್ಕದ ಮಧ್ಯದಲ್ಲಿ ಬೇಡ.

ಇನ್ನು ಹಾರುವ, ತೆವಳುವ ವಿಷಯ. ಮೂರು ಹಂತಗಳಿಗೆ ಸಮಪಾಲು, ಅಂದರೆ ತಲಾ 33 ಕೊಟ್ಟಿರಬೇಕೆಂದು ನನ್ನ ಊಹೆ. ಓದುವುದೂ ಬಡ್ಡಿ ಹಾಕುವುದೂ ಬೇಗ ಮುಗಿದು ಪಟ್ಟಿ 66ಕ್ಕೆ ಹೋಗುತ್ತದೆ. ನಿಜವಾದ ಭಾರ ಪಿಡಿಎಫ್‌ನದು. ಕುಮಟಾದಿಂದ ಕತಗಾಲದವರೆಗೆ ಬಂದ ವೇಗದಲ್ಲೇ ಬಸ್ಸು ದೇವಿಮನೆ ಘಟ್ಟ ಹತ್ತುತ್ತದೆ ಎಂದು ಶಿರಸಿಯವರು ಯಾರಾದರೂ ಲೆಕ್ಕ ಹಾಕುತ್ತಾರೆಯೇ? ಹಿಂದಿನ ವರ್ಷದ ದತ್ತಾಂಶದ ಮೇಲೆ ಒಮ್ಮೆ ಓಡಿಸಿ, ಪ್ರತಿ ಹಂತ ತೆಗೆದುಕೊಂಡ ಸಮಯ ಬರೆದುಕೊಳ್ಳಿ, ಅದೇ ಅನುಪಾತದಲ್ಲಿ ಪಾಲು ಹಂಚಿ. ಎಣಿಕೆಯೂ ಸದಸ್ಯರದ್ದಲ್ಲ, ನಮೂದುಗಳದ್ದಾಗಲಿ. ವರ್ಷಕ್ಕೊಮ್ಮೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ತಂದು ಹಾಕುವವರ ಖಾತೆಯೂ ವಾರವಾರ ವ್ಯವಹಾರ ಮಾಡುವವರ ಖಾತೆಯೂ ಒಂದೇ ಹೊತ್ತು ತಿನ್ನುವುದಿಲ್ಲ.

99ರಲ್ಲಿ ನಿಲ್ಲುವುದಕ್ಕೆ ಕಾರಣ ನೀವು ಎಣಿಸದೆ ಬಿಟ್ಟ ಕೆಲಸಗಳು: ಫೈಲು ಮುಚ್ಚುವುದು, ಕೊನೆಯ ಮೊತ್ತ ತಾಳೆ ನೋಡುವುದು, ಬ್ಯಾಕಪ್. ಅವುಗಳಿಗೂ ಪಾಲು ಇಡಿ. ಸಂಶೋಧಕ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ನಡೆಸಿದ ಪ್ರಯೋಗದಲ್ಲಿ, ಕೊನೆಯ ಹೊತ್ತಿನ ನಿಲುಗಡೆ ನೋಡುವವರನ್ನು ಹೆಚ್ಚು ಕಾಡುತ್ತದೆ, ಕೊನೆಗೆ ವೇಗ ಹೆಚ್ಚಿಸಿಕೊಳ್ಳುವ ಪಟ್ಟಿ ಬೇಗ ಮುಗಿದಂತೆ ಅನ್ನಿಸುತ್ತದೆ ಎಂದು ಕಂಡುಬಂತು. ಇದನ್ನೇ ಹಿಡಿದು ಪಟ್ಟಿಯನ್ನು ಬೇಕೆಂದೇ ಮೊದಲು ನಿಧಾನವಾಗಿ, ಕೊನೆಗೆ ವೇಗವಾಗಿ ಓಡಿಸುವವರಿದ್ದಾರೆ. ಆಟದ ಸಾಫ್ಟ್‌ವೇರಿಗೆ ನಡೆದೀತು. ಹಣದ ಲೆಕ್ಕ ತೋರಿಸುವ ಪರದೆಯಲ್ಲಿ ನನಗದು ಒಪ್ಪಿಗೆಯಿಲ್ಲ. ಅದರ ಬದಲು ಪಟ್ಟಿಯ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ‘ಬಡ್ಡಿ ಹಾಕಲಾಗುತ್ತಿದೆ: 412 / 1,260’. ಪಟ್ಟಿ ನಿಂತರೂ ಈ ಅಂಕಿ ಏರುತ್ತಿದ್ದರೆ ಗುಮಾಸ್ತರು ಕಂಪ್ಯೂಟರ್ ಆರಿಸಲು ಹೋಗುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಚಿತ್ರಗಳನ್ನು ಕಿರಿದಾಗಿಸಲು ನಾನೇ ಬರೆದ ವಿನ್‌ಫಾರ್ಮ್ಸ್ ಪ್ರೋಗ್ರಾಂನಲ್ಲಿ ‘ಮುಗಿಯಿತು’ ಎಂಬ ಸಂದೇಶ ಬಂದಾಗಲೂ ಪಟ್ಟಿ ಮುಕ್ಕಾಲು ಭಾಗದಲ್ಲೇ ಇರುತ್ತದೆ. ಎಣಿಕೆ ಸರಿಯಾಗಿಯೇ ಇದೆ.

ಉತ್ತರ: ತಪ್ಪು ನಿಮ್ಮ ಎಣಿಕೆಯದಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಪಟ್ಟಿ ಮುಂದಿನ ಅಂಕಿಗೆ ನಿಧಾನವಾಗಿ ಜಾರುತ್ತಾ ಹೋಗುತ್ತದೆ. ಚಿತ್ರಗಳು ಬೇಗ ಬೇಗ ಮುಗಿದರೆ ಅದು ಹಿಂದೆ ಬೀಳುತ್ತದೆ. ಆದರೆ ಅಂಕಿ ಇಳಿಸಿದಾಗ ಮಾತ್ರ ತಕ್ಷಣ ಇಳಿಯುತ್ತದೆ. ಅದನ್ನೇ ಬಳಸಿಕೊಳ್ಳಿ: ಬೇಕಾದ ಅಂಕಿಗಿಂತ ಒಂದು ಹೆಚ್ಚು ಕೊಟ್ಟು, ಕೂಡಲೇ ಒಂದು ಇಳಿಸಿ. ಕೊನೆಯ ಅಂಕಿಯಲ್ಲಿ ಏರಿಸಲು ಜಾಗವಿರುವುದಿಲ್ಲವಾದ್ದರಿಂದ ಗರಿಷ್ಠ ಮಿತಿಯನ್ನೂ ಒಂದು ಹೆಚ್ಚಿಸಿ, ಮರಳಿ ಸರಿಪಡಿಸಿ.

ಪ್ರಶ್ನೆ: ಅಂಕೋಲಾದ ನಮ್ಮ ಕಚೇರಿಯ ನೆಟ್‌ವರ್ಕಿನಲ್ಲಿ ಹಳೆಯ ಕಡತಗಳನ್ನು ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಒಟ್ಟು ಎಷ್ಟಿವೆ ಎಂದೇ ತಿಳಿಯದಾಗ ಎಷ್ಟು ಶೇಕಡಾ ತೋರಿಸುವುದು?

ಉತ್ತರ: ಯಾವ ಶೇಕಡಾವನ್ನೂ ತೋರಿಸಬೇಡಿ. ಮಾರ್ಕೀ ಶೈಲಿಯ, ಅತ್ತಿಂದಿತ್ತ ಹರಿಯುವ ಪಟ್ಟಿ ಇರುವುದೇ ಇದಕ್ಕೆ. ಅದೊಂದೇ ಸಾಲದು, ಹುಡುಕಾಟ ಎಲ್ಲೋ ಸಿಕ್ಕಿಬಿದ್ದರೂ ಆ ಪಟ್ಟಿ ಹರಿಯುತ್ತಲೇ ಇರುತ್ತದೆ. ಈಗ ನೋಡುತ್ತಿರುವ ಫೋಲ್ಡರ್ ಹೆಸರನ್ನೂ ಸಿಕ್ಕ ಕಡತಗಳ ಸಂಖ್ಯೆಯನ್ನೂ ಪಕ್ಕದಲ್ಲಿ ತೋರಿಸಿ. ಹುಡುಕಿ ಮುಗಿದ ಮೇಲೆ ನಕಲು ಮಾಡುವುದಿದ್ದರೆ ಒಟ್ಟು ಗೊತ್ತಾಗಿರುತ್ತದೆ, ಅಲ್ಲಿಂದ ಸಾಮಾನ್ಯ ಪಟ್ಟಿಗೆ ಬದಲಿಸಿ, ಕಡತಗಳ ಸಂಖ್ಯೆಯ ಬದಲು ಬೈಟುಗಳನ್ನು ಎಣಿಸಿ. ಒಂದು ಸೆಕೆಂಡಿನೊಳಗೆ ಮುಗಿಯುವ ಹುಡುಕಾಟಕ್ಕೆ ಪಟ್ಟಿಯೇ ಬೇಡ, ಅದು ಮಿಂಚಿ ಮರೆಯಾದರೆ ಕಣ್ಣಿಗೆ ಕಿರಿಕಿರಿ.