ಉತ್ತರ ತಡವಾಗಿ ಬರುವ ಕೆಲಸ: ಐಸ್ ಹಾಕಿ ಸ್ಕೌಟ್ ಒಬ್ಬರ ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದೆ.

ಕಿರಣ್‌ಗೆ 37 ವರ್ಷ. ಚಿಕ್ಕವರಿದ್ದಾಗಲೇ ಅಪ್ಪ ಅಮ್ಮನ ಜೊತೆ ಹಾಸನದಿಂದ ಕೆನಡಾಗೆ ಹೋದವರು, ಈಗ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದಾರೆ. ಹಗಲು ವಿಮಾ ಕಂಪನಿಯಲ್ಲಿ ಕೆಲಸ. ಚಳಿಗಾಲದ ಸಂಜೆ ಮತ್ತು ವಾರಾಂತ್ಯಗಳಲ್ಲಿ ಕಿರಿಯರ ಐಸ್ ಹಾಕಿ ಲೀಗ್ ಆದ ಒಂಟಾರಿಯೊ ಹಾಕಿ ಲೀಗ್‌ನ ಒಂದು ತಂಡಕ್ಕೆ ಅರೆಕಾಲಿಕ ಸ್ಕೌಟ್: ಹದಿನೈದು ವರ್ಷದ ಆಸುಪಾಸಿನ ಹುಡುಗರ ಪಂದ್ಯ ನೋಡಿ, ಯಾರನ್ನು ತಂಡಕ್ಕೆ ಆರಿಸಬಹುದು ಎಂದು ವರದಿ ಬರೆಯಬೇಕು. ಸಿಗುವುದು ಪೆಟ್ರೋಲ್ ಖರ್ಚು, ಅದರ ಮೇಲೆ ಒಂದಿಷ್ಟು ಗೌರವಧನ. ಈಗ ಎನ್‌ಎಚ್‌ಎಲ್‌ನ (ಅಮೆರಿಕ ಮತ್ತು ಕೆನಡಾದ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ತಂಡವೊಂದು ಪೂರ್ಣಾವಧಿ ಕೆಲಸ ಕೊಡುತ್ತೇವೆ ಎಂದಿತ್ತು. ಒಪ್ಪಿಕೊಳ್ಳುವುದೋ ಬೇಡವೋ ಎಂದು ಕೇಳಲು ಪತ್ನಿ ಶಾಲಿನಿಯವರ ಜೊತೆ ನನ್ನ ಬಳಿ ಬಂದರು.

ಮಾತು ಮುಂದುವರಿದಾಗ ಬೇರೆಯದೇ ಸಂಕಟ ಹೊರಬಿತ್ತು. ಎರಡು ವರ್ಷದ ಹಿಂದೆ ಸಭೆಯಲ್ಲಿ ವಾದ ಮಾಡಿ ಒಬ್ಬ ಡಿಫೆನ್ಸ್ ಆಟಗಾರನನ್ನು ಆರಿಸುವಂತೆ ಮಾಡಿದ್ದರು. ಹುಡುಗ ತಂಡದಲ್ಲಿ ನಿಲ್ಲಲಿಲ್ಲ. ಅಲ್ಲಿಂದೀಚೆಗೆ ರಾತ್ರಿ ಮಲಗುವ ಮುಂಚೆ ಆ ಹುಡುಗನ ಅಂಕಿಅಂಶ ತೆಗೆದು ನೋಡುವುದು ಚಾಳಿಯಾಗಿತ್ತು. "ಮನೇಲಿದ್ರೂ ಇವರು ರಿಂಕ್‌ನಲ್ಲೇ (ಐಸ್ ಹಾಕಿ ಅಂಗಳ) ಇರ್ತಾರೆ ಮೇಡಂ," ಎಂದರು ಶಾಲಿನಿ.

ಈ ವೃತ್ತಿಯಲ್ಲಿ ಇಂಥ ಕೊರಗು ಬರುವುದು ಸಹಜ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ 7 ಸುತ್ತು, 32 ತಂಡ, ಒಟ್ಟು 224 ಆಯ್ಕೆ. ಆರಿಸಿದ ಹುಡುಗ ಏನಾದ ಎಂದು ತಿಳಿಯಲು ನಾಲ್ಕೈದು ವರ್ಷ ಬೇಕು. ಗೋಲ್‌ಕೀಪರ್‌ಗಳಿಗೆ ಇನ್ನೂ ಹೆಚ್ಚು. ಸ್ಕೌಟ್ ಅಷ್ಟು ಕಾಲ ಉತ್ತರವಿಲ್ಲದೆ ದುಡಿಯುತ್ತಾನೆ. ಜೊತೆಗೆ ಕಿರಣ್ ತಲೆಯಲ್ಲಿ ಒಂದು ದಂತಕಥೆ ಕೂತಿತ್ತು: 1998ರಲ್ಲಿ ಡೆಟ್ರಾಯ್ಟ್ ತಂಡ ಪಾವೆಲ್ ಡಾಟ್ಸ್ಯುಕ್‌ನನ್ನು 171ನೆಯವನಾಗಿ, 1999ರಲ್ಲಿ ಹೆನ್ರಿಕ್ ಜೆಟರ್‌ಬರ್ಗ್‌ನನ್ನು 210ನೆಯವನಾಗಿ ಆರಿಸಿತ್ತು, ಇಬ್ಬರೂ ಮಹಾನ್ ಆಟಗಾರರಾದರು. "ನಿಜವಾದ ಕಣ್ಣು ಅಂದ್ರೆ ಅದು," ಎಂದರು. ಆ ಎರಡೂ ವರ್ಷ ಡೆಟ್ರಾಯ್ಟ್ ತಂಡವೇ ಇವರಿಗಿಂತ ಮೊದಲು ಬೇರೆ ಹುಡುಗರನ್ನು ಆರಿಸಿತ್ತಲ್ಲವೇ ಎಂದು ಕೇಳಿದೆ. ಡೆಟ್ರಾಯ್ಟ್‌ನವರಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಕಿರಣ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದಿನ ಭೇಟಿಗೆ ಹಳೆಯ ವರದಿಗಳನ್ನು ತರಲು ಹೇಳಿದ್ದೆ. ಆ ಹುಡುಗನ ವರದಿಯಲ್ಲಿ "ಮೊದಲ ಮೂರು ಹೆಜ್ಜೆ ನಿಧಾನ, ಬಲ ಬಂದಾಗ ಸರಿಹೋಗುತ್ತದೆ" ಎಂದಿತ್ತು. ಮೊದಲರ್ಧ ಕಣ್ಣು ಕಂಡದ್ದು, ಅದು ಸರಿಯೇ ಇತ್ತು. ಎರಡನೆಯರ್ಧ ಊಹೆ. ಹುಡುಗ ಹುಟ್ಟಿದ್ದು ಜನವರಿಯಲ್ಲಿ, ಆಗಲೇ ಎತ್ತರ ತೂಕ ಬಂದಿತ್ತು, ಅದೇ ವರ್ಷ ಡಿಸೆಂಬರ್‌ನಲ್ಲಿ ಹುಟ್ಟಿದವರ ಎದುರು ಮೈಬಲದಿಂದ ಗೆಲ್ಲುತ್ತಿದ್ದ. 19-20 ವರ್ಷದ ಆಟಗಾರರ ಎದುರು ಬಂದಾಗ ಆ ಅನುಕೂಲ ಹೋಯಿತು, ನಿಧಾನ ಮಾತ್ರ ಉಳಿಯಿತು. ಉಳಿದ ವರದಿಗಳನ್ನು ತಿರುವಿದಾಗ "ಬಲ ಬಂದಾಗ ಸರಿಹೋಗುತ್ತದೆ" ಎಂಬ ಮಾತು ಇನ್ನೂ ಹಲವು ಕಡೆ ಸಿಕ್ಕಿತು. ತಿದ್ದಿಕೊಳ್ಳಬೇಕಾದದ್ದು ಇದನ್ನು. "ನನ್ನ ಕಣ್ಣೇ ಸರಿಯಿಲ್ಲ" ಎಂಬ ತೀರ್ಪಿಗೆ ಇಲ್ಲಿ ಆಧಾರವೇ ಇರಲಿಲ್ಲ.

ಹಾಗಾಗಿ ವರದಿ ಬರೆಯುವ ಕ್ರಮವನ್ನೇ ಬದಲಿಸಲು ಸೂಚಿಸಿದೆ. ಕಂಡದ್ದು ಒಂದು ಕಡೆ, ಅಂದಾಜು ಬೇರೆ ಕಡೆ. "ಚುರುಕು ಬುದ್ಧಿ" ಎಂದು ಬರೆದರೆ ಸಾಲದು. "ಮೂಲೆಗೆ ಹೋದ ಪಕ್ (ಆಟದ ರಬ್ಬರ್ ಬಿಲ್ಲೆ) ಮುಟ್ಟುವ ಮುಂಚೆ ಎರಡು ಸಲ ಭುಜ ತಿರುಗಿಸಿ ಹಿಂದೆ ನೋಡಿದ" ಎಂದಿದ್ದರೆ ವರ್ಷದ ನಂತರವೂ ಪರೀಕ್ಷಿಸಬಹುದು. ಹುಟ್ಟಿದ ತಿಂಗಳು, ಲೈನ್‌ನಲ್ಲಿ (ಒಟ್ಟಿಗೆ ಆಡಲಿಳಿಯುವ ಗುಂಪು) ಜೊತೆಗಿದ್ದವರು, ಗೋಲು ಬಂದದ್ದು ಎದುರಾಳಿಗೆ ಒಬ್ಬ ಕಡಿಮೆ ಇರುವ ಪವರ್ ಪ್ಲೇಯಲ್ಲೋ ಐವರ ಎದುರು ಐವರಿದ್ದಾಗಲೋ, ಮೂರು ದಿನದಲ್ಲಿ ಅವನಿಗೆ ಅದು ಮೂರನೇ ಪಂದ್ಯವೇ, ಇವೆಲ್ಲ ವರದಿಯಲ್ಲಿರಬೇಕು. ಒಂದೇ ಸಲ ನೋಡಿ ಸ್ಥಾನ ಕೊಡಬಾರದು: ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ, ಬಲವಾದ ಎದುರಾಳಿಯ ಮುಂದೆ ಒಮ್ಮೆಯಾದರೂ ನೋಡಿರಬೇಕು. ಬೇರೆಯವರ ಶ್ರೇಯಾಂಕ ಪಟ್ಟಿಯನ್ನು ತನ್ನ ಅಂಕ ಬರೆದ ಮೇಲಷ್ಟೇ ತೆರೆಯಬೇಕು. ಮೊದಲೇ ಓದಿದರೆ ಪಟ್ಟಿಯಲ್ಲಿರುವುದೇ ರಿಂಕ್‌ನ ಮಂಜುಗಡ್ಡೆಯ ಮೇಲೂ ಕಾಣತೊಡಗುತ್ತದೆ. ಹಳೆಯ ವರದಿಗಳ ಲೆಕ್ಕ ವರ್ಷಕ್ಕೊಮ್ಮೆ, ಜುಲೈನಲ್ಲಿ. ಮಿಕ್ಕ ದಿನ ಆ ಹುಡುಗನ ಅಂಕಿಅಂಶ ತೆರೆಯುವಂತಿಲ್ಲ ಎಂದೆ. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ನಿದ್ದೆಯದ್ದು ಬೇರೆ ಕಥೆ. ಏಳಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಒಂಬತ್ತೂವರೆ ದಾಟುತ್ತದೆ. ಒಂಟಾರಿಯೊದಲ್ಲೇ ಇರುವ ಲಂಡನ್ ಊರಿನಿಂದ 401 ಹೆದ್ದಾರಿಯಲ್ಲಿ ಮನೆಗೆ ಸುಮಾರು ಎರಡು ಗಂಟೆ. ಸರೋವರದ ಕಡೆಯಿಂದ ಹಿಮ ಬೀಸಿದರೆ ಹೇಳುವಂತೆಯೇ ಇಲ್ಲ. ಬಂದು ರಾತ್ರಿ ಒಂದಕ್ಕೆ ವರದಿ ಬರೆಯಲು ಕೂತರೆ ನಿದ್ದೆ ಎಲ್ಲಿಂದ ಬರಬೇಕು? ಗಾಡಿ ಹೊರಡಿಸುವ ಮುಂಚೆ ಕಾರಿನಲ್ಲೇ ಹದಿನೈದು ನಿಮಿಷ ಮುಖ್ಯಾಂಶ ಬರೆದುಕೊಳ್ಳಿ, ಪೂರ್ತಿ ವರದಿ ಬೆಳಿಗ್ಗೆ ಮಾಡಿ, ಹಿಮದ ಎಚ್ಚರಿಕೆ ಇದ್ದ ರಾತ್ರಿ ಅಲ್ಲೇ ಉಳಿಯಿರಿ ಎಂದೆ. ವಾರದಲ್ಲಿ ಒಂದು ಸಂಜೆ ಮಗುವಿನದು ಎಂದು ಶಾಲಿನಿಯವರೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದರು. ಪಂದ್ಯಪಟ್ಟಿ ಮೊದಲೇ ಬರುವುದರಿಂದ ಇದು ಆಗದ ಮಾತಲ್ಲ.

ಇನ್ನು ಹೊಸ ಕೆಲಸ. ಎನ್‌ಎಚ್‌ಎಲ್ ಎಂಬ ಹೆಸರು ಕೇಳಿದೊಡನೆ ಹೂಂ ಅನ್ನಬೇಡಿ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ ಎಂದೆ: ಒಪ್ಪಂದ ಎಷ್ಟು ವರ್ಷಕ್ಕೆ, ಜನರಲ್ ಮ್ಯಾನೇಜರ್ ಬದಲಾದರೂ ಉಳಿದ ಅವಧಿಯ ಸಂಬಳ ಬರುತ್ತದೆಯೇ. ಹೊಸಬರು ಬಂದಾಗ ತಮ್ಮದೇ ಸ್ಕೌಟ್‌ಗಳನ್ನು ಕರೆತರುವುದು ಈ ವೃತ್ತಿಯಲ್ಲಿ ಮಾಮೂಲು, ಒಪ್ಪಂದಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಕಿಲೋಮೀಟರ್‌ಗೆ ಎಷ್ಟು, ಹೋಟೆಲ್ ಯಾವಾಗ, ಹಲ್ಲು ಮತ್ತು ಔಷಧದ ವಿಮೆ ಇದೆಯೇ. ಯಾವ ವಲಯ: ಉತ್ತರ ಒಂಟಾರಿಯೊದ ಸೂ ಸೇಂಟ್ ಮರಿ ಊರೂ ಸೇರಿದರೆ ಒಂದೇ ದಿಕ್ಕಿಗೆ ಏಳು ಗಂಟೆ ಕಾರು ಓಡಿಸಬೇಕು. ಡ್ರಾಫ್ಟ್ ಮುಂಚಿನ ಸಭೆಯಲ್ಲಿ ತನಗೆ ಮಾತಾಡುವ ಅವಕಾಶವಿದೆಯೇ, ಅಥವಾ ವರದಿ ಕಳಿಸಿ ಸುಮ್ಮನಿರಬೇಕೇ. ಈ ಕೊನೆಯದು ಸಂಬಳದಷ್ಟೇ ಮುಖ್ಯ. ಬರೆದದ್ದನ್ನು ಯಾರೂ ಓದದ ಕಡೆ ಕಿರಣ್‌ರಂಥವರು ಬೇಗ ಸೊರಗುತ್ತಾರೆ.

ತಂಡ ಹೋಟೆಲ್, ವಿಮೆ ಎರಡಕ್ಕೂ ಒಪ್ಪಿತು. ಒಂದು ವರ್ಷಕ್ಕಿಂತ ಹೆಚ್ಚಿನ ಒಪ್ಪಂದಕ್ಕೆ ಒಪ್ಪಲಿಲ್ಲ. ಮನೆ ಸಾಲ, ಮೂರು ವರ್ಷದ ಮಗು, ಶಾಲಿನಿಯವರ ಅರೆಕಾಲಿಕ ಕೆಲಸ ಎಲ್ಲ ಲೆಕ್ಕ ಹಾಕಿ ದಂಪತಿ ಈ ವರ್ಷ ಬೇಡ ಎಂದು ತಿಳಿಸಿದರು. ಅದೇ ತಂಡಕ್ಕೆ ಅರೆಕಾಲಿಕವಾಗಿ, ಮನೆಯಿಂದ ಎರಡು ಗಂಟೆಯೊಳಗಿನ ರಿಂಕ್‌ಗಳನ್ನು ಮಾತ್ರ ನೋಡಿಕೊಳ್ಳಬಹುದೇ ಎಂದು ಕಿರಣ್ ಪತ್ರ ಬರೆದಿದ್ದಾರೆ. ಮುಂದಿನ ಭೇಟಿ ಜುಲೈನಲ್ಲಿ, ಹಳೆಯ ವರದಿಗಳ ಜೊತೆ.