ಪುಣೆಯ ನಮ್ಮ ಉಡುಪಿ ಹೋಟೆಲಿನ ಹಳೇ ಬಯೋಗ್ಯಾಸ್ ಟ್ಯಾಂಕಿನ ಕಾಂಕ್ರೀಟ್ ಮೇಲ್ಭಾಗ ಉದುರುತ್ತಿದೆ, ಒಳಗೆ ಕೋಟಿಂಗ್ ಬಳಿದರೆ ಸಾಕೇ?

ನಿಮ್ಮ ಹಳೇ ಪ್ಲಾಂಟಿಗೆ ಸುಮ್ನೆ ಬಳಿದರೆ ಸಾಲದು, ಬೇಗ ಎದ್ದು ಬರುತ್ತದೆ.

ಸ್ಲರಿಯ (ಒಳಗಿನ ತ್ಯಾಜ್ಯದ ರಾಡಿಯ) ಮಟ್ಟದ ಕೆಳಗೆ ಕಾಂಕ್ರೀಟ್ ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ತೊಂದರೆ ಮೇಲಿನ ಗ್ಯಾಸ್ ಜಾಗದ್ದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ) ಒದ್ದೆ ಗೋಡೆಗೆ ಸೇರುತ್ತದೆ. ಚೂರು ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ, ಆಮ್ಲ ಸಿಮೆಂಟನ್ನು ಮೆತ್ತಗಿನ ಜಿಪ್ಸಮ್ ಮಾಡುತ್ತದೆ. ಗ್ಯಾಸ್ ಶುದ್ಧವಾಗಲೆಂದು ಟ್ಯಾಂಕಿಗೇ ಗಾಳಿ ಬಿಡುವ ಕಡೆ ಇದು ಇನ್ನೂ ಜಾಸ್ತಿ.

ಮೊದಲು ಹೈಪ್ರೆಶರ್ ನೀರಿನಿಂದ ಮೆತ್ತಗಿನದ್ದೆಲ್ಲ ತೆಗೆಸಿ. ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ದ್ರಾವಣ) ಸಿಂಪಡಿಸಿ ನೋಡಿ. ಗುಲಾಬಿಯಾದರೆ ಒಳ್ಳೆ ಕಾಂಕ್ರೀಟ್ ಸಿಕ್ಕಿತು, ಬಣ್ಣ ಬರದಿದ್ದರೆ ಇನ್ನೂ ಕೆತ್ತಬೇಕು. ತುಕ್ಕು ಹಿಡಿದ ಕಂಬಿ ಸರಿಮಾಡಿ, ರಿಪೇರ್ ಮಾರ್ಟರ್ ಹಾಕಿ, ಆಮೇಲೆ ಎಪಾಕ್ಸಿ ಅಥವಾ ಪಾಲಿಯೂರಿಯಾ ಕೋಟಿಂಗ್ ಬಳಿಸಿ. ಗೋಡೆಯ ತಾಪಮಾನ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಮಾನ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಪುಣೆಯ ಜುಲೈನಲ್ಲಿ ಅದು ಕಷ್ಟ ಅಲ್ವಾ? ಬೇಸಿಗೆಯಲ್ಲೇ ಮುಗಿಸಿ. ಪುಲ್-ಆಫ್ ಟೆಸ್ಟ್ (ಕೋಟಿಂಗ್ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಎಳೆದು ನೋಡುವ ಪರೀಕ್ಷೆ) ಬೇಡ ಅನ್ನುವ ಕಾಂಟ್ರ್ಯಾಕ್ಟರ್ ನಿಮಗೂ ಬೇಡ.

ಗ್ಯಾಸ್ ಮೀಟರ್ ಇಲ್ಲದೆ, ಗಾಳಿಯಾಡಿಸದೆ ಯಾರನ್ನೂ ಒಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ.